58 ಕೋಟಿಯ ಅಂದಾಜು: ಕೃಷ್ಣಾ ಮೇಲ್ದಂಡೆಯಲ್ಲಿ ಬೆಲೆಯೇರಿಕೆಯ ಲೆಕ್ಕ

ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲ ಹಂತಕ್ಕೆ 1963ರಲ್ಲಿ ಮಂಜೂರಾತಿ ಸಿಕ್ಕಿದಾಗ ಅದರ ಅಂದಾಜು ವೆಚ್ಚ 58.20 ಕೋಟಿ ರೂಪಾಯಿ. 1978ರಲ್ಲಿ ಅದೇ ಹಂತದ ಪರಿಷ್ಕೃತ ಅಂದಾಜು 283.08 ಕೋಟಿಗೆ ಏರಿತು, 1990ರಲ್ಲಿ 1,214.97 ಕೋಟಿಗೆ. 2000ದಲ್ಲಿ ಒಪ್ಪಿಗೆ ಪಡೆದ ಎರಡನೇ ಹಂತಕ್ಕೆ ಬೇರೆಯೇ 2,358.86 ಕೋಟಿ. ಮೂರನೇ ಹಂತ 17,207 ಕೋಟಿಯಿಂದ ಶುರುವಾಗಿ 51,148 ಕೋಟಿ ದಾಟಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಎರಡು ತಲೆಮಾರು ಈ ಅಂಕಿಗಳನ್ನು ಕೇಳುತ್ತ ಬೆಳೆದಿವೆ. ಇವೆಲ್ಲ ಒಂದೇ ರೂಪಾಯಿಯಲ್ಲಿ ಬರೆದ ಮೊತ್ತಗಳಂತೆ ಕಾಣುತ್ತವೆ, ಆದರೆ ಹಾಗಲ್ಲ. 1963ರಲ್ಲಿ ಒಂದು ರೂಪಾಯಿಗೆ ಬರುತ್ತಿದ್ದ ಸರಕಿಗೆ 1990ರಲ್ಲಿ ಎಂಟು ರೂಪಾಯಿಗೂ ಹೆಚ್ಚು ಕೊಡಬೇಕಿತ್ತು. ಹಾಗಾಗಿ ಈ ಯೋಜನೆಯ ಹಣಕಾಸಿನ ಚರಿತ್ರೆ ಬಹುಮಟ್ಟಿಗೆ ರೂಪಾಯಿಯ ಬೆಲೆಯ ಚರಿತ್ರೆಯೂ ಹೌದು. ಬೆಲೆಯೇರಿಕೆಯ ತಲೆಗೆ ಕಟ್ಟಿದ ತಪ್ಪಿನಲ್ಲಿ ಅದರದಲ್ಲದ ಪಾಲೂ ದೊಡ್ಡದಿದೆ ಎಂಬುದು ಲೆಕ್ಕ ಬಿಡಿಸಿದಾಗ ಗೊತ್ತಾಗುತ್ತದೆ.

ಈ ಸೀಮೆಗೆ ದೊಡ್ಡ ಎಂಜಿನಿಯರಿಂಗ್ ಕೆಲಸ ಬಂದದ್ದು ಬರದ ಬೆನ್ನಿಗೆ. 1876–78ರ ಬರದಲ್ಲಿ ಮುಂದೆ ವಿಜಾಪುರ ಎನಿಸಿದ ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. ಡೋಣಿ ನದಿಯ ದಂಡೆಯ ಎರೆ ಹೊಲ ಮಳೆಯಾದರೆ ಊರಿಗೆಲ್ಲ ಉಣಿಸುತ್ತಿತ್ತು, ಮಳೆ ತಪ್ಪಿದರೆ ಒಂದು ಹಿಡಿ ಜೋಳವನ್ನೂ ಕೊಡುತ್ತಿರಲಿಲ್ಲ. ಹೊಳೆಯ ನೀರು ಉಪ್ಪು, ನೆಚ್ಚಿಕೊಳ್ಳುವಂತಿರಲಿಲ್ಲ. ಬರ ಬಿದ್ದ ಊರುಗಳಿಗೆ ಹೊರಗಿನಿಂದ ಕಾಳು ತರಲು ದಾರಿಯೇ ಇರಲಿಲ್ಲ ಎಂಬುದು ಆಗ ಕಲಿತ ಪಾಠ. ಅದರ ಫಲ, 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿದ ಹೊಟಗಿ–ಗದಗ ಮೀಟರ್ ಗೇಜ್ ಹಳಿ. 1884–85ರ ಹೊತ್ತಿಗೆ ಅದರ ಮೇಲೆ ಗಾಡಿ ಓಡತೊಡಗಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳ ಹೆಸರು ಈಗಲೂ ಇವೆ. ಹೆಸರೇ ಹೇಳುವಂತೆ ಊರಿನಿಂದ ದೂರ. ಸಿಂದಗಿ, ಮುದ್ದೇಬಿಹಾಳಗಳಿಗೆ ಆ ದೂರದ ಹಳಿಯೂ ದಕ್ಕಲಿಲ್ಲ.

ಹಣದ ಮೌಲ್ಯ ಜಾರಿದರೆ ಯೋಜನೆಯ ಲೆಕ್ಕ ಹೇಗೆ ತಲೆಕೆಳಗಾಗುತ್ತದೆ ಎಂಬುದನ್ನು ಈ ಭಾಗ ಮೊದಲು ಕಂಡದ್ದು ಆ ರೈಲಿನಲ್ಲೇ. ಕಂಪನಿಯ ಬಂಡವಾಳ ಲಂಡನ್ನಿನಲ್ಲಿ ಎತ್ತಿದ್ದು. ಅದರ ಮೇಲಿನ ಬಡ್ಡಿಗೆ ಸರ್ಕಾರದ ಖಾತರಿ ಇದ್ದದ್ದು ಪೌಂಡಿನಲ್ಲಿ. ಟಿಕೆಟ್ಟಿನ ಹಣ, ಹತ್ತಿ ಮೂಟೆಯ ಬಾಡಿಗೆ ಬರುತ್ತಿದ್ದದ್ದು ಬೆಳ್ಳಿ ರೂಪಾಯಿಯಲ್ಲಿ. 1880ರ ದಶಕದ ಆರಂಭದಲ್ಲಿ ಸುಮಾರು 20 ಪೆನ್ಸ್ ಬಾಳುತ್ತಿದ್ದ ರೂಪಾಯಿ 1894ರ ವೇಳೆಗೆ 13 ಪೆನ್ಸಿನ ಆಸುಪಾಸಿಗೆ ಇಳಿಯಿತು. ಹಳಿ ಅದೇ, ಗಾಡಿ ಅದೇ, ಸರಕೂ ಅದೇ. ಬಡ್ಡಿ ತೀರಿಸಲು ಬೇಕಾದ ರೂಪಾಯಿ ಮಾತ್ರ ಅರ್ಧದಷ್ಟು ಹೆಚ್ಚಾಯಿತು. ಆ ಹೊರೆ ಬಿದ್ದದ್ದು ಕಂಪನಿಯ ಪಾಲುದಾರರ ಮೇಲಲ್ಲ, ಕಂದಾಯ ಕಟ್ಟುವವರ ಮೇಲೆ.

ನೀರಾವರಿಗೆ ಬ್ರಿಟಿಷ್ ಆಡಳಿತ ಇಟ್ಟಿದ್ದ ಪರೀಕ್ಷೆಯೂ ಬಡ್ಡಿಯದ್ದೇ. ಕೆಲಸ ಮುಗಿದ ಹತ್ತು ವರ್ಷದೊಳಗೆ, ಹಾಕಿದ ಬಂಡವಾಳ ಮತ್ತು ಅದರ ಮೇಲೆ ಬಾಕಿ ಉಳಿದ ಬಡ್ಡಿ ಎರಡೂ ಸೇರಿದ ಮೊತ್ತಕ್ಕೆ ನಿಗದಿತ ಶೇಕಡಾವಾರು ಆದಾಯ ಬರಬೇಕು. ಬಂದರೆ ಅದು ಉತ್ಪಾದಕ ಕೆಲಸ. ಬರದೆ, ಬರಗಾಲದ ಖರ್ಚನ್ನಷ್ಟೇ ತಪ್ಪಿಸಿದರೆ ರಕ್ಷಣಾತ್ಮಕ ಕೆಲಸ. ಮೊದಲ ಮಹಾಯುದ್ಧದ ಕೊನೆಯವರೆಗೆ ಶೇ 4 ಇದ್ದ ಈ ಮಟ್ಟ, ಯುದ್ಧಕಾಲದ ಬೆಲೆಯೇರಿಕೆ ಮತ್ತು ಸಾಲದ ದುಬಾರಿತನದ ಪರಿಣಾಮವಾಗಿ 1921ರ ಹೊತ್ತಿಗೆ ಶೇ 6ಕ್ಕೆ ಏರಿತು. ವಿಜಾಪುರದಂಥ ಜಿಲ್ಲೆ ಶೇ 4ರ ಪರೀಕ್ಷೆಯಲ್ಲೇ ಪಾಸಾಗುವಂತಿರಲಿಲ್ಲ. ಶೇ 6ರ ಮಾತು ಬೇರೆಯೇ. ಜೋಳ ಬೆಳೆಯುವ ರೈತನಿಂದ ಅಷ್ಟು ನೀರಿನ ಕರ ಎತ್ತುವುದು ಆಗದ ಕೆಲಸ. ಕೃಷ್ಣೆ ಮಗ್ಗುಲಲ್ಲೇ ಹರಿದರೂ ಈ ತಾಲ್ಲೂಕುಗಳ ಹೊಲಕ್ಕೆ ಅದು ಏರಲಿಲ್ಲ ಎಂಬುದರ ಹಿಂದೆ ಭೂಮಿಯ ಎತ್ತರ ಎಷ್ಟಿತ್ತೋ ಈ ಶೇಕಡಾ ಲೆಕ್ಕವೂ ಅಷ್ಟೇ ಇತ್ತು.

1964 ಈ ಲೆಕ್ಕದ ದಿಕ್ಕು ಬದಲಿಸಿದ ವರ್ಷ. ಆ ವರ್ಷದ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಆಗ ಅವರು ಇನ್ನೂ ಪ್ರಧಾನಿಯಲ್ಲ, ಕೇಂದ್ರ ಮಂತ್ರಿ. ಆಲಮಟ್ಟಿ ಆಗ ಬಸವನ ಬಾಗೇವಾಡಿ ತಾಲ್ಲೂಕಿನ ಊರು, ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ಅದೇ ವರ್ಷ ಡಿ.ಆರ್. ಗಾಡ್ಗೀಳ್ ನೇತೃತ್ವದ ಸಮಿತಿ, ನೀರಾವರಿ ಯೋಜನೆಯನ್ನು ಸರ್ಕಾರದ ಬೊಕ್ಕಸಕ್ಕೆ ಬರುವ ಕರದಿಂದ ಅಳೆಯಬಾರದು, ಹೊಲದಲ್ಲಿ ಹೆಚ್ಚುವ ಬೆಳೆಯ ಮೌಲ್ಯದಿಂದ ಅಳೆಯಬೇಕು ಎಂದು ಹೇಳಿತು. ವರ್ಷದ ಲಾಭವನ್ನು ವರ್ಷದ ವೆಚ್ಚದಿಂದ ಭಾಗಿಸಿ ಬರುವ ಲಾಭ-ವೆಚ್ಚ ಅನುಪಾತ 1.5 ಇದ್ದರೆ ಯೋಜನೆ ಸೈ. ಮುಂದೆ ಬರಪೀಡಿತ ಪ್ರದೇಶಗಳಿಗೆ 1ರಷ್ಟಿದ್ದರೂ ಸಾಕೆಂದಾಯಿತು. ಕರದ ಕಡೆಯ ಪ್ರಶ್ನೆಯನ್ನು ನೋಡಲು ಮೈಸೂರು ರಾಜ್ಯದ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ ಅವರ ಹೆಸರಿನ ಸಮಿತಿಯೂ ಅದೇ ವರ್ಷ ವರದಿ ಕೊಟ್ಟಿತು: ನೀರಿನಿಂದ ರೈತನಿಗೆ ದಕ್ಕುವ ಹೆಚ್ಚುವರಿ ನಿವ್ವಳ ಲಾಭದಲ್ಲಿ ಶೇ 25ರಿಂದ 40ರವರೆಗೆ ನೀರಿನ ದರವಾಗಿ ಪಡೆಯಬಹುದು ಎಂಬುದು ಅದರ ಸಲಹೆ. ಮೊದಲ ಸಮಿತಿಯ ಮಾತು ಬಳಕೆಗೆ ಬಂತು, ಎರಡನೆಯದರದು ಕಡತದಲ್ಲಿ ಉಳಿಯಿತು.

ಈ ಅನುಪಾತದಲ್ಲಿ ಬೆಲೆಯೇರಿಕೆಗೆ ಎಲ್ಲಿ ಜಾಗ ಎಂಬುದನ್ನು ಒಂದು ಹೆಕ್ಟೇರಿನ ಕಾಲ್ಪನಿಕ ಲೆಕ್ಕದಲ್ಲಿ ನೋಡಬಹುದು. ಹೆಕ್ಟೇರಿಗೆ 10,000 ರೂಪಾಯಿ ಬಂಡವಾಳ ಬೀಳುತ್ತದೆ ಎನ್ನೋಣ. ಅದರ ಮೇಲೆ ಶೇ 10 ಬಡ್ಡಿ 1,000 ರೂಪಾಯಿ. ನೂರು ವರ್ಷ ಬಾಳುವ ಕಟ್ಟಡವೆಂದು ಶೇ 1 ಸವಕಳಿ 100 ರೂಪಾಯಿ. ಕಾಲುವೆ ನಿರ್ವಹಣೆಗೆ 200 ರೂಪಾಯಿ. ವರ್ಷದ ವೆಚ್ಚ 1,300. ನೀರು ಬಂದ ಮೇಲಿನ ನಿವ್ವಳ ಆದಾಯದಲ್ಲಿ ನೀರಿಲ್ಲದಾಗಿನ ಆದಾಯ ಕಳೆದರೆ ಉಳಿಯುವುದು 1,950 ರೂಪಾಯಿ. ಅನುಪಾತ ಸರಿಯಾಗಿ 1.5. ಈಗ ಎಲ್ಲ ಬೆಲೆಗಳೂ ಒಟ್ಟಿಗೆ ಇಮ್ಮಡಿಯಾದವು ಎನ್ನಿ: ಸಿಮೆಂಟು, ಕೂಲಿ, ಜೋಳ, ಶೇಂಗಾ ಎಲ್ಲವೂ. ವೆಚ್ಚ 2,600, ಲಾಭ 3,900, ಅನುಪಾತ ಅದೇ 1.5. ಎಲ್ಲ ಬೆಲೆಗಳೂ ಸಮನಾಗಿ ಏರಿದರೆ ಯೋಜನೆಯ ಯೋಗ್ಯತೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಲಾಭ ಮತ್ತು ವೆಚ್ಚ ಎರಡನ್ನೂ ಒಂದೇ ವರ್ಷದ ದರದಲ್ಲಿ ಬರೆಯಬೇಕೆಂದು ಯೋಜನಾ ವರದಿಯ ನಿಯಮ ಹೇಳುವುದು ಇದೇ ನಂಬಿಕೆಯ ಮೇಲೆ.

ತೊಡಕು ಬರುವುದು ಬೆಲೆಗಳು ಸಮನಾಗಿ ಏರದೇ ಇದ್ದಾಗ. ಕಟ್ಟಡದ ವೆಚ್ಚ ಇಮ್ಮಡಿಯಾಗಿ, ಬೆಳೆಯ ಮೌಲ್ಯ 1.6 ಪಟ್ಟು ಮಾತ್ರ ಏರಿದರೆ ಅದೇ ಹೆಕ್ಟೇರಿನ ಅನುಪಾತ 1.2ಕ್ಕೆ ಇಳಿಯುತ್ತದೆ. ಕೃಷ್ಣಾ ಮೇಲ್ದಂಡೆಯ ಕಾಲ ನೆಟ್ಟಗೆ ಇಂಥ ಅಸಮ ಏರಿಕೆಯ ಕಾಲ. 1973ರ ತೈಲ ಬಿಕ್ಕಟ್ಟಿನಲ್ಲಿ ಡೀಸೆಲ್ ಬೆಲೆ ಜಿಗಿಯಿತು. 1973–74ರಲ್ಲಿ ಸಗಟು ಬೆಲೆ ಶೇ 20, ಮರುವರ್ಷ ಶೇ 25 ಏರಿತು. ಸಿಮೆಂಟು ಸರ್ಕಾರಿ ನಿಯಂತ್ರಣದಲ್ಲಿತ್ತು. 1982ರಲ್ಲಿ ಅರ್ಧ ನಿಯಂತ್ರಣ ಸಡಿಲವಾಗಿ, 1989ರಲ್ಲಿ ಪೂರ್ತಿ ಹೋಯಿತು. ಅಂದರೆ ಹಳೆಯ ಅಂದಾಜುಪಟ್ಟಿಯಲ್ಲಿದ್ದ ಸಿಮೆಂಟಿನ ದರ ಪೇಟೆಯ ದರವೇ ಆಗಿರಲಿಲ್ಲ. ನಿಯಂತ್ರಿತ ದರದ ಚೀಲ ಕೈಗೆ ಸಿಗಲು ಕಾಯಬೇಕಿದ್ದ ತಿಂಗಳುಗಳ ಬೆಲೆಯನ್ನು ಯಾವ ಪಟ್ಟಿಯೂ ಬರೆದುಕೊಳ್ಳಲಿಲ್ಲ.

ಅಂದಾಜು ಏರಿದ್ದರಲ್ಲಿ ಬೆಲೆಯೇರಿಕೆಯ ಪಾಲೆಷ್ಟು? ಸಗಟು ಬೆಲೆ ಸೂಚ್ಯಂಕ ಹಿಡಿದು ನೋಡಿದರೆ 1963–64ರಿಂದ 1978–79ರವರೆಗೆ ಬೆಲೆಗಳು ಸುಮಾರು ಮೂರು ಪಟ್ಟಾದವು. ಕೆಲಸದಲ್ಲಿ ಏನೂ ಬದಲಾಗದಿದ್ದರೆ 58.20 ಕೋಟಿ 180 ಕೋಟಿಯ ಆಸುಪಾಸಿಗೆ ಬಂದು ನಿಲ್ಲಬೇಕಿತ್ತು, ಬಂದದ್ದು 283. ಅಲ್ಲಿಂದ 1990–91ರವರೆಗೆ ಬೆಲೆ ಏರಿದ್ದು ಎರಡೂಮುಕ್ಕಾಲು ಪಟ್ಟು. 283 ಕೋಟಿ 780ರ ಹತ್ತಿರ ಇರಬೇಕಿತ್ತು, ಆಗಿದ್ದು 1,215. ಇಡೀ ಅವಧಿಯನ್ನು ಒಂದೇ ಸಲ ನೋಡಿದರೆ 1963ರ 58.20 ಕೋಟಿ 1990ರ ರೂಪಾಯಿಯಲ್ಲಿ ಸುಮಾರು 490 ಕೋಟಿ. ಉಳಿದ 700 ಕೋಟಿಗೂ ಮೀರಿದ ಮೊತ್ತ ಸಾಮಾನ್ಯ ಬೆಲೆಯೇರಿಕೆಯದ್ದಲ್ಲ. ಸಗಟು ಸೂಚ್ಯಂಕದಲ್ಲಿ ಸಕ್ಕರೆ, ಬಟ್ಟೆ ಎಲ್ಲ ಸೇರಿರುವುದರಿಂದ ಅದು ಅಣೆಕಟ್ಟಿನ ಬೆಲೆಗೆ ಒರಟು ಅಳತೆಯೇ ಸರಿ. ಆದರೂ ಇಷ್ಟು ದೊಡ್ಡ ಅಂತರವನ್ನು ಅಳತೆಯ ಒರಟುತನ ಮುಚ್ಚಲಾರದು. ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪಿನ ನಂತರ ನೀರಿನ ಪಾಲು, ನೀರುಣ್ಣುವ ಪ್ರದೇಶ, ಕಾಲುವೆಗಳ ಉದ್ದ ಬದಲಾದವು. ಭೂಮಿ ಮತ್ತು ಪುನರ್ವಸತಿಯ ಖರ್ಚು ಮೊದಲು ಊಹಿಸಿದ್ದನ್ನು ಎಲ್ಲೋ ಬಿಟ್ಟು ಮುಂದೆ ಹೋಯಿತು. ಪರಿಷ್ಕೃತ ಅಂದಾಜಿನ ಸಮರ್ಥನೆಯಲ್ಲಿ ‘ದರ ಏರಿಕೆ’ ಎಂಬ ಸಾಲು ಯಾವಾಗಲೂ ಮೇಲೆಯೇ ಇರುತ್ತದೆ. ಯಾರನ್ನೂ ಹೊಣೆ ಮಾಡದ ಸಾಲು ಅದು.

ಅಂದಾಜುಪಟ್ಟಿ ತಯಾರಾಗುವ ಬಗೆಯೂ ಇಲ್ಲಿ ಮುಖ್ಯ. ನೀರಾವರಿ ಇಲಾಖೆಯ ಎಂಜಿನಿಯರ್ ಬೆಲೆಯನ್ನು ಪೇಟೆಯಲ್ಲಿ ಕೇಳುವುದಿಲ್ಲ. ಆ ವರ್ಷದ ದರಪಟ್ಟಿ, ಎಲ್ಲರ ಬಾಯಲ್ಲಿ ‘ಎಸ್.ಆರ್.’, ಅದನ್ನು ತೆರೆಯುತ್ತಾನೆ. ಒಂದು ಘನ ಮೀಟರ್ ಅಗೆತಕ್ಕೆ ಇಷ್ಟು, ಕಲ್ಲುಕಟ್ಟಡಕ್ಕೆ ಇಷ್ಟು, ಕಾಂಕ್ರೀಟಿಗೆ ಇಷ್ಟು, ಕಲ್ಲು ಸಾಗಿಸುವ ದೂರ ಹೆಚ್ಚಿದರೆ ಕಿಲೋಮೀಟರಿಗೆ ಇಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಪ್ರಮಾಣವನ್ನು ದರದಿಂದ ಗುಣಿಸಿದರೆ ಅಂದಾಜು ಸಿದ್ಧ. ಹಾಗೆ ಸಿದ್ಧವಾದ ಅಂದಾಜಿಗೆ ಒಂದೇ ವರ್ಷದ ಬೆಲೆ ಅಂಟಿಕೊಂಡಿರುತ್ತದೆ. ಕೆಲಸ ನಡೆಯುವುದು ಹದಿನೈದು, ಇಪ್ಪತ್ತು ವರ್ಷ. ವಿಶ್ವಬ್ಯಾಂಕ್ 1978ರಲ್ಲಿ ಈ ಯೋಜನೆಗೆ ಸಾಲ ಕೊಡಲು ಬಂದಾಗ ತಂದ ರೂಢಿ ಬೇರೆ. ಅದು ವೆಚ್ಚವನ್ನು ಮೂರು ಗುಂಪು ಮಾಡುತ್ತಿತ್ತು: ಇಂದಿನ ದರದ ಮೂಲ ವೆಚ್ಚ, ಕೆಲಸದ ಪ್ರಮಾಣ ಹೆಚ್ಚಿದರೆ ಬೇಕೆಂದು ಇಟ್ಟ ಮೀಸಲು, ಮುಂದಿನ ವರ್ಷಗಳ ಬೆಲೆಯೇರಿಕೆಗೆಂದು ಇಟ್ಟ ಮೀಸಲು. ಹಣ ಹೊಂದಿಸುವಾಗ ಮೂರನ್ನೂ ಕೂಡಿಸುವುದು, ಯೋಜನೆಯ ಲಾಭದಾಯಕತೆ ಅಳೆಯುವಾಗ ಮೂರನೆಯದನ್ನು ಬಿಡುವುದು ಅದರ ಪದ್ಧತಿ. ಎಷ್ಟು ರೂಪಾಯಿ ಬೇಕು ಎಂಬುದು ಒಂದು ಪ್ರಶ್ನೆ, ಯೋಜನೆ ಒಳ್ಳೆಯದೇ ಎಂಬುದು ಇನ್ನೊಂದು. ಬೆಲೆಯೇರಿಕೆಗೆ ಜಾಗವಿರುವುದು ಮೊದಲನೆಯದರಲ್ಲಿ ಮಾತ್ರ. ಬಜೆಟ್ ಚರ್ಚೆಗಳಲ್ಲಿ ಈ ಎರಡು ಪ್ರಶ್ನೆಗಳು ಬೇರ್ಪಟ್ಟದ್ದು ಅಪರೂಪ.

ಲಾಭ-ವೆಚ್ಚ ಅನುಪಾತದಲ್ಲಿ ಕಾಲಕ್ಕೆ ಬೆಲೆಯಿರಲಿಲ್ಲ ಎಂಬುದು ಅದರ ದೊಡ್ಡ ಕೊರತೆ. ನೀರು ಐದು ವರ್ಷಕ್ಕೆ ಬಂದರೂ ಇಪ್ಪತ್ತೈದು ವರ್ಷಕ್ಕೆ ಬಂದರೂ ವಾರ್ಷಿಕ ಲಾಭ ಅಷ್ಟೇ. 1983ರಲ್ಲಿ ನಿತಿನ್ ದೇಸಾಯಿ ಸಮಿತಿ ಇದನ್ನು ಗುರುತಿಸಿ, ಅನುಪಾತದ ಬದಲು ಕಾಲವನ್ನೂ ಎಣಿಸುವ ಆಂತರಿಕ ಪ್ರತಿಫಲ ದರ ನೋಡಬೇಕೆಂದಿತು: ಸಾಮಾನ್ಯವಾಗಿ ಕನಿಷ್ಠ ಶೇ 9, ಬರಪೀಡಿತ ಪ್ರದೇಶಕ್ಕೆ ಶೇ 7. ಈ ದರ ನೈಜ ದರ; ಬೆಲೆಯೇರಿಕೆ ಕಳೆದು ಉಳಿದದ್ದು. ನಾಮಮಾತ್ರ ಬಡ್ಡಿಗೂ ನೈಜ ಬಡ್ಡಿಗೂ ಇರುವ ನಂಟನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲೇ ಬಿಡಿಸಿ ಹೇಳಿದ್ದ. ಸಾಲದ ಬಡ್ಡಿ ಶೇ 10, ಬೆಲೆಯೇರಿಕೆ ಶೇ 8 ಇದ್ದರೆ 1.10ನ್ನು 1.08ರಿಂದ ಭಾಗಿಸಬೇಕು, ನೈಜ ಬಡ್ಡಿ ಶೇ 1.85 ಮಾತ್ರ. ಬೆಳೆಯನ್ನು ಇಂದಿನ ಸ್ಥಿರ ಬೆಲೆಯಲ್ಲಿ ಬರೆದು, ಬ್ಯಾಂಕಿನ ಏರಿದ ಬಡ್ಡಿಯನ್ನು ವಟಾವು ದರವಾಗಿ, ಅಂದರೆ ಮುಂದಿನ ಲಾಭವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ದರವಾಗಿ ಹಾಕಿದರೆ ಬೆಲೆಯೇರಿಕೆ ಒಂದೇ ಕಡೆ ಲೆಕ್ಕಕ್ಕೆ ಬಂದಂತಾಗುತ್ತದೆ. ಒಳ್ಳೆಯ ಯೋಜನೆಯೂ ನಷ್ಟದ್ದೆಂದು ಕಾಣುತ್ತದೆ. ತಿರುಗುಮುರುಗು ತಪ್ಪು ಇನ್ನೂ ಸುಲಭ: ವೆಚ್ಚ ಹಳೆಯ ಎಸ್.ಆರ್.ನದು, ಬೆಳೆಯ ಬೆಲೆ ಈ ವರ್ಷದ್ದು. ಆಗ ಎಂಥ ಯೋಜನೆಯೂ ಪಾಸು.

ತಡವಾದರೆ ಆಗುವ ನಷ್ಟಕ್ಕೆ ಬೆಲೆಯೇರಿಕೆಯ ಹಂಗೇ ಬೇಕಿಲ್ಲ. ಇಂದು 100 ರೂಪಾಯಿ ಹಾಕಿ, ಆರನೇ ವರ್ಷದಿಂದ ಐವತ್ತು ವರ್ಷ ವರ್ಷಕ್ಕೆ 20 ರೂಪಾಯಿ ನಿವ್ವಳ ಲಾಭ ಬರುವಂತಿದ್ದರೆ, ಶೇ 10 ನೈಜ ದರದಲ್ಲಿ ಆ ಲಾಭದ ಇಂದಿನ ಮೌಲ್ಯ 123 ರೂಪಾಯಿ. ಅದೇ ಲಾಭ ಹದಿನಾರನೇ ವರ್ಷದಿಂದ ಶುರುವಾದರೆ 47 ರೂಪಾಯಿ. ಬೆಲೆಗಳು ಒಂದು ಪೈಸೆ ಏರದಿದ್ದರೂ ಈ ಯೋಜನೆ ಮುಳುಗಿದ್ದೇ. ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿಯಿತು. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆಯ ಕವಲಾದ ಇಂಡಿ ಶಾಖಾ ಕಾಲುವೆ ಸಿಂದಗಿ, ಇಂಡಿ ತಾಲ್ಲೂಕುಗಳತ್ತ ಸಾಗುವ, 170 ಕಿಲೋಮೀಟರಿಗೂ ಉದ್ದದ ಹಾದಿ. ಕಾಲುವೆಯ ಮೇಲಿನ ತುದಿಯಲ್ಲಿ ನೀರು ಹರಿಯತೊಡಗಿದಾಗ ಕೆಳಗಿನ ತುದಿ ಇನ್ನೂ ನಕ್ಷೆಯಲ್ಲಿತ್ತು. ಕಾಲುವೆ ಬಂದ ಮೇಲೂ ಮೇಲಿನವರು ಭತ್ತ ನಾಟಿ ಮಾಡಿದ್ದರಿಂದ ಕೊನೆಯ ಹೊಲಕ್ಕೆ ನೀರು ತಲುಪುವುದು ಇನ್ನಷ್ಟು ಹಿಂದೆ ಬಿತ್ತು. ಯೋಜನಾ ವರದಿಯಲ್ಲಿ ಎಲ್ಲ ಹೆಕ್ಟೇರುಗಳೂ ಒಂದೇ ತೂಕದವು. ಇಂಡಿಯ ಹೆಕ್ಟೇರು ಮಾತ್ರ ವಟಾವು ಲೆಕ್ಕದಲ್ಲಿ ಬಹಳ ಹಗುರ.

ಬೆಲೆಯೇರಿಕೆಯ ಏಟು ನೇರವಾಗಿ ಮೈಮೇಲೆ ಬಿದ್ದದ್ದು ಮುಳುಗಡೆಯ ಊರುಗಳ ಜನಕ್ಕೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳ ಕೃಷ್ಣಾ ತೀರದ ಹಳ್ಳಿಗಳೂ, ಹೊಳೆಯಾಚೆ ಬಾಗಲಕೋಟೆಯ ಕೆಳ ಪೇಟೆಯೂ ಈ ಪಟ್ಟಿಯಲ್ಲಿದ್ದವು. 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಹೊಲದ ಬೆಲೆ ನಿಗದಿಯಾಗುತ್ತಿದ್ದದ್ದು ನಾಲ್ಕನೇ ಕಲಮಿನ ಅಧಿಸೂಚನೆ ಹೊರಟ ದಿನದ ಮಾರುಕಟ್ಟೆ ದರದಲ್ಲಿ. ಹಣ ಕೈಸೇರುವ ದಿನ ಯಾವುದಾದರೂ ಆಗಬಹುದಿತ್ತು. 1967ರವರೆಗೆ ಅಧಿಸೂಚನೆಗೂ ಅಂತಿಮ ಘೋಷಣೆಗೂ ನಡುವೆ ಕಾಲಮಿತಿಯೇ ಇರಲಿಲ್ಲ. ಸರ್ಕಾರ ಬೆಲೆಯನ್ನು ಇಂದು ಕಟ್ಟಿಟ್ಟು ಖರೀದಿಯನ್ನು ಹತ್ತು ವರ್ಷದ ಮೇಲೆ ಮಾಡಬಹುದಿತ್ತು. ಆ ಬಳಿಕ ಮೂರು ವರ್ಷದ ಮಿತಿ ಬಂತು. 1984ರ ತಿದ್ದುಪಡಿ ಅದನ್ನು ಒಂದು ವರ್ಷಕ್ಕೆ ಇಳಿಸಿ, ಘೋಷಣೆಯಾದ ಎರಡು ವರ್ಷದೊಳಗೆ ಐತೀರ್ಪು ಆಗಬೇಕೆಂದಿತು.

ಎಕರೆಗೆ 1,000 ರೂಪಾಯಿ ಬಾಳುವ ಹೊಲಕ್ಕೆ ಅಧಿಸೂಚನೆಯಾಗಿ ಆರು ವರ್ಷದ ನಂತರ ಹಣ ಬಂತು ಎಂದಿಟ್ಟುಕೊಂಡರೆ ಕಾನೂನಿನ ಈ ಸಾಲುಗಳ ಅರ್ಥ ಬಿಚ್ಚಿಕೊಳ್ಳುತ್ತದೆ. 1984ಕ್ಕೆ ಮುಂಚೆ ಒತ್ತಾಯದ ಸ್ವಾಧೀನಕ್ಕೆಂದು ಶೇ 15 ಸೊಲೇಷಿಯಂ ಸೇರಿ ರೈತನಿಗೆ 1,150 ರೂಪಾಯಿ. ವರ್ಷಕ್ಕೆ ಶೇ 9ರಂತೆ ಬೆಲೆ ಏರಿದ್ದರೆ ಅಂಥದೇ ಹೊಲ ಕೊಳ್ಳಲು ಅಷ್ಟರಲ್ಲಿ 1,677 ರೂಪಾಯಿ ಬೇಕು. ಕಳೆದುಕೊಂಡದ್ದು ಒಂದು ಎಕರೆ, ಕೊಳ್ಳಬಲ್ಲದ್ದು ಇಪ್ಪತ್ತೇಳು ಗುಂಟೆ. 1984ರ ತಿದ್ದುಪಡಿಯ ನಂತರ ಸೊಲೇಷಿಯಂ ಶೇ 30 ಆಯಿತು, ಅಧಿಸೂಚನೆಯ ದಿನದಿಂದ ವರ್ಷಕ್ಕೆ ಶೇ 12ರ ಸರಳ ಹೆಚ್ಚುವರಿ ಸೇರಿತು. ಈ ಹೆಚ್ಚುವರಿ ಆರೂ ವರ್ಷಕ್ಕೆ ಸಿಕ್ಕಿತೆಂದರೆ ಅದೇ ರೈತನಿಗೆ 1,000, 300, 720 ಕೂಡಿ 2,020 ರೂಪಾಯಿ. ಭೂಸ್ವಾಧೀನ ಕಾನೂನಿನೊಳಗೆ ಬೆಲೆಯೇರಿಕೆಗೆ ಸಿಕ್ಕ ಮೊದಲ ಸ್ಪಷ್ಟ ಮನ್ನಣೆ ಇದು. ಇದಲ್ಲದೆ ಕೋರ್ಟು ಪರಿಹಾರ ಹೆಚ್ಚಿಸಿದರೆ ಹೆಚ್ಚಿಸಿದ ಮೊತ್ತಕ್ಕೆ ಮೊದಲ ವರ್ಷ ಶೇ 9, ಅನಂತರ ಶೇ 15 ಬಡ್ಡಿ. ಬೆಲೆಯೇರಿಕೆ ಶೇ 4ಕ್ಕೋ 5ಕ್ಕೋ ಇಳಿದ ಕಾಲದಲ್ಲೂ ಈ ಶೇ 15 ಹಾಗೇ ಉಳಿಯಿತು. ಮೊದಲು ತಡ ಮಾಡಿದಷ್ಟೂ ಸರ್ಕಾರಕ್ಕೆ ಅಗ್ಗವಾಗುತ್ತಿತ್ತು. ಆಮೇಲೆ ತಡ ಮಾಡಿದಷ್ಟೂ ದುಬಾರಿ. ಆದರೂ ತಡವಾಗುವುದು ನಿಲ್ಲಲಿಲ್ಲ.

ಪುನರ್ವಸತಿಯ ಈ ಹಿಂದುಳಿಕೆಯೇ 1989ರಲ್ಲಿ ಮಂಜೂರಾದ ವಿಶ್ವಬ್ಯಾಂಕಿನ ಎರಡನೇ ಸಾಲಕ್ಕೆ ಕುತ್ತು ತಂದಿತು. 1990ರ ದಶಕದಲ್ಲಿ ಬ್ಯಾಂಕ್ ಎರಡು ಸಲ ಹಣ ಬಿಡುಗಡೆಯನ್ನು ತಡೆಹಿಡಿಯಿತು. ಆ ನಡುವೆ ಡಾಲರಿಗೆ 16 ರೂಪಾಯಿಯ ಸುಮಾರಿಗೆ ಇದ್ದ ವಿನಿಮಯ ದರ, 1991ರ ಜುಲೈನ ಅಪಮೌಲ್ಯವನ್ನು ದಾಟಿ 1993ರ ಹೊತ್ತಿಗೆ 31 ರೂಪಾಯಿ ಆಗಿತ್ತು. ಹೊರಗಿನ ಸಾಲದ ಒಂದೊಂದು ಡಾಲರೂ ಹೆಚ್ಚು ರೂಪಾಯಿ ತರುತ್ತಿದ್ದ ಹೊತ್ತಿನಲ್ಲೇ ಅದು ಬರುವುದು ನಿಂತಿತು. ನೂರು ವರ್ಷ ಹಿಂದೆ ರೈಲ್ವೆ ಕಂಪನಿಯ ಪೌಂಡಿನ ಕಥೆಯಲ್ಲಿ ರೂಪಾಯಿಯ ಕುಸಿತ ಹೊರೆಯಾಗಿತ್ತು, ಇಲ್ಲಿ ಅದರಿಂದ ಸಿಗಬಹುದಾಗಿದ್ದ ಲಾಭವೂ ಕೈತಪ್ಪಿತು.

ಬಚಾವತ್ ತೀರ್ಪಿನಲ್ಲಿ ಈ ಯೋಜನೆಗೆಂದು ರಾಜ್ಯ ಇಟ್ಟುಕೊಂಡಿದ್ದ ನೀರು 173 ಟಿಎಂಸಿ: ಮೊದಲ ಹಂತಕ್ಕೆ 119, ಎರಡನೆಯದಕ್ಕೆ 54. 2000ದ ಮೇ 31ರ ನಂತರ ಆ ತೀರ್ಪನ್ನು ಮರುಪರಿಶೀಲನೆಗೆ ಒಡ್ಡಬಹುದಿತ್ತು. ಬಳಸದ ನೀರು ಕೈತಪ್ಪೀತೆಂಬ ಆತಂಕದಲ್ಲಿ 1994ರ ಆಗಸ್ಟ್ 19ರಂದು ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ಬಜೆಟ್ಟಿನ ಹೊರಗೆ ಸರ್ಕಾರದ ಖಾತರಿಯ ಬಾಂಡ್ ಮಾರಿ ಹಣ ಎತ್ತುವುದು ಅದರ ಕೆಲಸ. ಬೆಲೆಯೇರಿಕೆ ಮತ್ತು ಬಡ್ಡಿ ಎರಡೂ ಎತ್ತರದಲ್ಲಿದ್ದ ವರ್ಷಗಳವು. ನಿಗಮ ಕೊಡಬೇಕಾದ ಬಡ್ಡಿಯೂ ಅದಕ್ಕೆ ತಕ್ಕಂತೆಯೇ ಇತ್ತು. ದಶಕದ ಕೊನೆಗೆ ಬೆಲೆಯೇರಿಕೆ ತಗ್ಗಿತು, ಬಾಂಡಿನ ಮೇಲೆ ಬರೆದ ಬಡ್ಡಿ ತಗ್ಗಲಿಲ್ಲ. ಶೇ 15ರ ಸಾಲವನ್ನು ಉದಾಹರಣೆಗೆ ತೆಗೆದುಕೊಂಡರೆ, ಬೆಲೆ ಶೇ 9 ಏರುವಾಗ ಅದರ ನೈಜ ಬಡ್ಡಿ ಶೇ 5.5, ಬೆಲೆ ಏರಿಕೆ ಶೇ 4ಕ್ಕೆ ಇಳಿದಾಗ ಅದೇ ಸಾಲದ ನೈಜ ಬಡ್ಡಿ ಶೇ 10.6. ಬೆಲೆಯೇರಿಕೆ ಸಾಲಗಾರನ ಮಿತ್ರ ಎಂಬ ಮಾತು ಅರ್ಧ ನಿಜ. ನಿರೀಕ್ಷಿಸಿದ್ದಕ್ಕಿಂತ ಕಡಿಮೆಯಾದ ಬೆಲೆಯೇರಿಕೆ ಅವನನ್ನು ಮುರಿದುಹಾಕುತ್ತದೆ. 1996ರಲ್ಲಿ ಎಚ್.ಡಿ. ದೇವೇಗೌಡರ ಕೇಂದ್ರ ಸರ್ಕಾರ ಆರಂಭಿಸಿದ ತ್ವರಿತ ನೀರಾವರಿ ಲಾಭ ಕಾರ್ಯಕ್ರಮದ ನೆರವೂ ಈ ಯೋಜನೆಗೆ ಸೇರಿತು. 2000ದ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಆಲಮಟ್ಟಿಯ ಎತ್ತರವನ್ನು 519.6 ಮೀಟರಿಗೆ ಮಿತಿಗೊಳಿಸಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ಅಡಿಗಲ್ಲಿನಿಂದ ಅಲ್ಲಿಗೆ 42 ವರ್ಷ. ಈ ನಾಲ್ಕು ದಶಕದ ಖರ್ಚನ್ನು ‘ಈವರೆಗಿನ ವೆಚ್ಚ’ ಎಂಬ ಒಂದೇ ಕಾಲಂನಲ್ಲಿ ಕೂಡಿಸಿ ತೋರಿಸುವುದು ಸರ್ಕಾರಿ ರೂಢಿ. 1970ರ ರೂಪಾಯಿಗೂ 2000ದ ರೂಪಾಯಿಗೂ ಒಂದೇ ತೂಕ ಕೊಟ್ಟ ಮೊತ್ತ ಅದು. ಕೂಡಿಕೆ ಸರಿ, ಅರ್ಥ ಕಷ್ಟ.

ಆಲಮಟ್ಟಿಯ ಹಿನ್ನೀರಿನಿಂದ ನೀರೆತ್ತುವ ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿಗಳು, ಇಂಡಿ ಏತ ನೀರಾವರಿ, ಇವುಗಳಲ್ಲಿ ಬೆಲೆಯೇರಿಕೆ ಮತ್ತೊಂದು ದಾರಿಯಿಂದ ಬರುತ್ತದೆ. ತಾನಾಗಿ ಹರಿಯುವ ಕಾಲುವೆಯ ಖರ್ಚಿನ ಹೆಚ್ಚಿನ ಪಾಲು ಕಟ್ಟುವಾಗಲೇ ಮುಗಿಯುತ್ತದೆ. ಆಮೇಲೆ ಏರುವ ಬೆಲೆ ಅದನ್ನು ಹೆಚ್ಚು ತಟ್ಟದು. ಏತದಲ್ಲಿ ಪಂಪು ಪ್ರತಿ ಹಂಗಾಮಿಗೂ ಓಡಬೇಕು, ವಿದ್ಯುತ್ ಬಿಲ್ಲು ಪ್ರತಿ ತಿಂಗಳೂ ಬರುತ್ತದೆ, ಹತ್ತಿಪ್ಪತ್ತು ವರ್ಷಕ್ಕೆ ಮೋಟಾರು ಹೊಸ ಬೆಲೆಯಲ್ಲಿ ಬದಲಾಗಬೇಕು. ವಿದ್ಯುತ್ ದರ ಬೇರೆ ಬೆಲೆಗಳಿಗಿಂತ ವರ್ಷಕ್ಕೆ ಶೇ 2ರಷ್ಟು ವೇಗವಾಗಿ ಏರಿದರೂ ಇಪ್ಪತ್ತು ವರ್ಷದಲ್ಲಿ ಏತದ ವಿದ್ಯುತ್ ಖರ್ಚು ಉಳಿದವುಗಳಿಗೆ ಹೋಲಿಸಿದರೆ ಅರ್ಧದಷ್ಟು ಹೆಚ್ಚಾಗುತ್ತದೆ. ಸ್ಥಿರ ಬೆಲೆಯ ಲೆಕ್ಕದಲ್ಲಿ ಇಂಥ ಸಾಪೇಕ್ಷ ಏರಿಕೆಯನ್ನು ಪ್ರತ್ಯೇಕವಾಗಿ ಸೇರಿಸಬೇಕು. ಬಿಟ್ಟರೆ ಏತ ಯೋಜನೆ ಕಾಗದದ ಮೇಲೆ ಇರುವುದಕ್ಕಿಂತ ಚೆಂದ ಕಾಣುತ್ತದೆ. ಇದಕ್ಕೆ ಎದುರಾಗಿ ಬರುವ ಆದಾಯವಾದ ನೀರಿನ ಕರ ಎಕರೆಗೆ ಇಷ್ಟು ರೂಪಾಯಿ ಎಂದು ಬರೆದಿಟ್ಟದ್ದು, ಯಾವ ಸೂಚ್ಯಂಕಕ್ಕೂ ಕಟ್ಟಿದ್ದಲ್ಲ. ನಿರ್ವಹಣೆಯ ಖರ್ಚನ್ನಾದರೂ ಪೂರ್ತಿ ವಸೂಲು ಮಾಡಬೇಕೆಂದು 1992ರಲ್ಲಿ ವೈದ್ಯನಾಥನ್ ಸಮಿತಿ ಹೇಳಿದ ಮೇಲೂ ರಾಜ್ಯಗಳು ದರ ಏರಿಸಲು ಹಿಂಜರಿದವು. ಏರಿಸದ ಕರ ವರ್ಷವರ್ಷವೂ ತಾನೇ ಇಳಿಯುತ್ತದೆ. ಇಂಡಿಯ ನಿಂಬೆ ತೋಟಕ್ಕೋ ಕಬ್ಬಿಗೋ ನೀರು ಸಿಕ್ಕ ರೈತನಿಗೆ ಲಾಭ, ಬೊಕ್ಕಸಕ್ಕೆ ಬರುವುದು ಅದರ ಅತಿ ಚಿಕ್ಕ ತುಣುಕು. ಹೀಗಾಗಿ ನಾಡಿನ ಲೆಕ್ಕದಲ್ಲಿ ಲಾಭದ್ದಾದ ಯೋಜನೆ ನಿಗಮದ ಲೆಕ್ಕದಲ್ಲಿ ನಷ್ಟದ್ದಾಗಿಯೇ ಉಳಿಯುತ್ತದೆ.

2010ರ ಡಿಸೆಂಬರ್ 30ರಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸಲು ಒಪ್ಪಿ, ಮೂರನೇ ಹಂತಕ್ಕೆ 130 ಟಿಎಂಸಿ ನೀರು ಕೊಟ್ಟಿತು. ಆ ತೀರ್ಪು ಕೇಂದ್ರದ ಗೆಜೆಟ್ ಸೇರದೆ ಸುಪ್ರೀಂ ಕೋರ್ಟಿನಲ್ಲಿ ಸಿಲುಕಿತು. 2012ರಲ್ಲಿ 17,207 ಕೋಟಿ ಇದ್ದ ಅಂದಾಜನ್ನು 2014–15ರ ದರದಲ್ಲಿ ಮತ್ತೆ ಹಾಕಿ, 2017ರಲ್ಲಿ ರಾಜ್ಯ ಸರ್ಕಾರ 51,148.94 ಕೋಟಿಗೆ ಒಪ್ಪಿಗೆ ಕೊಟ್ಟಿತು. ಈ ಎರಡು ದರಗಳ ನಡುವಿನ ವರ್ಷಗಳಲ್ಲಿ ಸಗಟು ಬೆಲೆ ಏರಿದ್ದು ಹೆಚ್ಚೆಂದರೆ ಕಾಲು ಭಾಗ. ಬೆಲೆಯೇರಿಕೆಯೊಂದೇ ಕಾರಣವಾಗಿದ್ದರೆ ಅಂದಾಜು 21,500 ಕೋಟಿ ದಾಟುತ್ತಿರಲಿಲ್ಲ. ಅಂತರಕ್ಕೆ ಮುಖ್ಯ ಕಾರಣ 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆ. ಅದರಲ್ಲಿ ಗ್ರಾಮೀಣ ಭೂಮಿಯ ಮಾರುಕಟ್ಟೆ ದರವನ್ನು 1ರಿಂದ 2ರವರೆಗಿನ ಅಂಶದಿಂದ ಗುಣಿಸಿ, ಬಂದ ಮೊತ್ತಕ್ಕೆ ಅಷ್ಟೇ ಸೊಲೇಷಿಯಂ ಸೇರಿಸಬೇಕು. ಹಿಂದಿನ ಹಂತಗಳಲ್ಲಿ ಮುಳುಗಡೆಯ ರೈತ ತನ್ನ ಜೇಬಿನಿಂದ ಭರಿಸಿದ್ದ ವೆಚ್ಚ ಈ ಕಾಯ್ದೆಯಿಂದ ಯೋಜನೆಯ ಪುಸ್ತಕಕ್ಕೆ ಬಂತು. ಅದು ಮೊದಲೇ ಅಲ್ಲಿ ಇದ್ದಿದ್ದರೆ 1963ರ ಅಂದಾಜು 58 ಕೋಟಿ ಆಗಿರುತ್ತಿರಲಿಲ್ಲ.

2025ರ ಸೆಪ್ಟೆಂಬರ್ 16ರಂದು ರಾಜ್ಯ ಸಚಿವ ಸಂಪುಟ ಮೂರನೇ ಹಂತದ ಮುಳುಗಡೆಗೆ ಒಳಗಾಗುವ 75,563 ಎಕರೆಗೆ ಒಪ್ಪಿಗೆಯ ದರ ನಿಗದಿ ಮಾಡಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಕಾಲುವೆಗೆ ಹೋಗುವ ಜಮೀನಿಗೆ ಕ್ರಮವಾಗಿ 30 ಲಕ್ಷ, 25 ಲಕ್ಷ. ಭೂಸ್ವಾಧೀನ ಮತ್ತು ಪುನರ್ವಸತಿಗೆ ಬೇಕಾಗುವ ಹಣ ಸುಮಾರು 70,000 ಕೋಟಿ, ಅದನ್ನು ಕೆಲವೇ ಹಣಕಾಸು ವರ್ಷಗಳಲ್ಲಿ ಹೊಂದಿಸುವುದು ಸರ್ಕಾರದ ಎಣಿಕೆ. ಒಪ್ಪಿಗೆಯ ದರ ಪಡೆದವರು ಮತ್ತೆ ಕೋರ್ಟಿಗೆ ಹೋಗಿ ಹೆಚ್ಚುವರಿ ಕೇಳುವಂತಿಲ್ಲವಾದ್ದರಿಂದ ಬಡ್ಡಿ ಬೆಳೆಯುವ ಹಳೆಯ ದಾರಿ ಮುಚ್ಚುತ್ತದೆ. ಅದಕ್ಕೆ ಪ್ರತಿಯಾಗಿ, ದರ ರೂಪಾಯಿಯಲ್ಲಿ ನಿಗದಿಯಾಗಿರುವುದರಿಂದ ಹಣ ಕೈಸೇರುವುದು ತಡವಾದಷ್ಟೂ ಅದರ ಕೊಳ್ಳುವ ಶಕ್ತಿ ಕುಗ್ಗುತ್ತದೆ: ಬೆಲೆಗಳು ವರ್ಷಕ್ಕೆ ಶೇ 5 ಏರಿದರೆ ಇಂದಿನ 40 ಲಕ್ಷ ನಾಲ್ಕು ವರ್ಷದ ಮೇಲೆ ಇಂದಿನ 33 ಲಕ್ಷಕ್ಕೆ ಸಮ.